ವೈರಿನ ನಂಬರು, ತಾಮ್ರದ ಲೆಕ್ಕ

ಬೆಳೆದದ್ದು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ, ಬದುಕು ಕಟ್ಟಿಕೊಂಡದ್ದು ಶಿವಮೊಗ್ಗದ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ಅಂಗಡಿಗೆ ಬರುವುದು ಹೆಚ್ಚಾಗಿ ಅಡಿಕೆ ತೋಟದ ಪಂಪ್‌ಸೆಟ್. ನಡುನಡುವೆ ಮಾಚೇನಹಳ್ಳಿ ಕಡೆಯ ಶೆಡ್‌ಗಳ ಮೋಟಾರು, ಹಳೆ ಮನೆಗಳ ವೈರಿಂಗ್. ಈ ಮೂವತ್ತು ವರ್ಷದಲ್ಲಿ ತಂತಿ ನನಗೆ ಕಲಿಸಿದ್ದು ಇಷ್ಟು.

1. ನಂಬರು ಏರಿದಂತೆ ತಂತಿ ಸಣ್ಣದಾಗುತ್ತದೆ. ಕೆಲಸಕ್ಕೆ ಸೇರಿದ ವಾರದಲ್ಲೇ ಎಡವಿದೆ. 20ರ ಗೇಜ್ ಸಿಗಲಿಲ್ಲವೆಂದು, ಇನ್ನೂ ದಪ್ಪ ಇರಲಿ ಅಂತ 24ರದ್ದು ತಂದಿದ್ದೆ. ಯಾಕೆ ಹೀಗೆ ಉಲ್ಟಾ ಎಂದು ತಿಳಿದದ್ದು ಅಕ್ಕಸಾಲಿಗರೊಬ್ಬರ ಮನೆಯಲ್ಲಿ. ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ ಬೆಳ್ಳಿ ಕಂಬಿಯನ್ನು ತೂರಿಸಿ ಇಕ್ಕಳದಿಂದ ಎಳೆಯುತ್ತಿದ್ದರು. ಪ್ರತಿ ಎಳೆತಕ್ಕೂ ಮೊದಲಿಗಿಂತ ಕಿರಿದಾದ ತೂತು. ಎಷ್ಟು ಸಲ ಎಳೆದದ್ದು ಎಂಬ ಎಣಿಕೆಯೇ ಹಿಂದೆ ತಂತಿಯ ನಂಬರಾಯಿತು. 1884ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಸ್ಟ್ಯಾಂಡರ್ಡ್ ವೈರ್ ಗೇಜ್ ಎಂಬ ಎಸ್‌ಡಬ್ಲ್ಯೂಜಿ ಅಳತೆಯಲ್ಲಿ 1ನೇ ನಂಬರಿನ ತಂತಿ ಇಂಚಿನ 300 ಸಾವಿರಾಂಶ ದಪ್ಪ, 50ನೆಯದು ಬರೀ ಒಂದು ಸಾವಿರಾಂಶ. ಮೋಟಾರ್ ಕಟ್ಟುವ ನಾವು ಇಂದಿಗೂ ಆ ನಂಬರಿನಲ್ಲೇ ಮಾತಾಡುತ್ತೇವೆ.

ಅಪ್ಪ ರೋಲಿಂಗ್ ಮಿಲ್ಲಿನಲ್ಲಿದ್ದರು. ಕೆಂಪಗೆ ಕಾದ ಉಕ್ಕು ರೋಲರುಗಳ ನಡುವೆ ಹಾವಿನಂತೆ ಓಡುವುದನ್ನು ನೋಡಿ ಬೆಳೆದ ನಾನು, ವೈರನ್ನೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ. ಅದು ಅರ್ಧ ದಾರಿ ಮಾತ್ರ. 8 ಮಿ.ಮೀ. ದಪ್ಪದ ತಾಮ್ರದ ಸರಳಿನವರೆಗೆ ಬಿಸಿ ಕೆಲಸ. ಅಲ್ಲಿಂದ ಮುಂದೆ ತಣ್ಣಗಿರುವಾಗಲೇ, ಸೋಪು ಬೆರೆತ ದ್ರವ ಹರಿಸುತ್ತ, ಒಂದರ ಹಿಂದೊಂದು ಇರುವ ಗಟ್ಟಿ ಡೈಗಳ ಮೂಲಕ ಎಳೆಯುತ್ತಾರೆ. ಕೂದಲೆಳೆಯಂಥ ತಂತಿಗೆ ವಜ್ರದ ಡೈ ಬೇಕು. ಎಲ್ಲೂ ಲೋಹ ಹೆರೆದು ಹೋಗುವುದಿಲ್ಲ, ಉದ್ದವಾಗುತ್ತದೆ ಅಷ್ಟೆ: ಒಂದು ಮೀಟರ್ ಸರಳು ಒಂದೂವರೆ ಚದರ ಮಿ.ಮೀ.ನ ತಂತಿಯಾದಾಗ 33 ಮೀಟರ್ ದಾಟುತ್ತದೆ. ಎಳೆದೆಳೆದು ಸೆಡೆತ ತಾಮ್ರವನ್ನು ಮತ್ತೆ ಕಾಯಿಸಿ ಮೆದು ಮಾಡುತ್ತಾರೆ. ನಾವು ಕಾಯಿಲ್ ಸುತ್ತುವಾಗ ಒಂದೇ ಜಾಗದಲ್ಲಿ ನಾಲ್ಕು ಸಲ ಮಡಿಸಿ ನೆಟ್ಟಗೆ ಮಾಡಿದರೆ ಅದು ಮತ್ತೆ ಸೆಡೆತು ಪಟ್ಟನೆ ಮುರಿಯುತ್ತದೆ.

2. ಗೇಜ್ ಪ್ಲೇಟಿನಲ್ಲಿ ಅಳೆಯಬೇಕಾದದ್ದು ಅಂಚಿನ ಸೀಳಿನಲ್ಲಿ, ಒಳಗಿನ ದುಂಡು ತೂತಿನಲ್ಲಲ್ಲ. ತಂತಿಯ ಮೇಲಿನ ಎನಾಮಲ್ ಲೇಪ ತೆಗೆದೇ ಅಳೆಯಿರಿ.

3. ಇಲ್ಲದ ಗೇಜನ್ನು ಕೂಡಿಸಿ ಮಾಡಬಹುದು. ಅಡಿಕೆಗೆ ನೀರು ಬೇಕೇ ಬೇಕಾದ ಏಪ್ರಿಲ್ ತಿಂಗಳು, ಮೋಟಾರಿಗೆ 18ರ ತಂತಿ ಬೇಕು, ಊರಲ್ಲೆಲ್ಲೂ ಇಲ್ಲ. ಆಗ ನನ್ನ ಗುರುಗಳು ರಟ್ಟಿನ ಮೇಲೆ ಮಾಡಿ ತೋರಿಸಿದ ಲೆಕ್ಕ ಇನ್ನೂ ಕಣ್ಣ ಮುಂದಿದೆ. 18ರ ದಪ್ಪ 48 ಸಾವಿರಾಂಶ. 48ರ ವರ್ಗ 2304. 20ರದ್ದು 36, ವರ್ಗ 1296. 21ರದ್ದು 32, ವರ್ಗ 1024. ಈ ಎರಡನ್ನು ಕೂಡಿದರೆ 2320. ಒಂದು 20, ಒಂದು 21 ಜೊತೆಯಾಗಿ ಸುತ್ತಿದರೆ 18ರ ಕೆಲಸ ಆಯಿತು! ಕೂಡಿಸಬೇಕಾದದ್ದು ದಪ್ಪವನ್ನಲ್ಲ, ದಪ್ಪದ ವರ್ಗವನ್ನು. ಎರಡೂ ಒಂದೇ ಗೇಜ್ ಇರಲಿ ಎಂದರೆ ಇಪ್ಪತ್ತೂವರೆ ಬೇಕು. ಅಂಥ ಅರ್ಧ ಗೇಜುಗಳೂ ನಮ್ಮ ಕಸುಬಿನಲ್ಲಿ ಇವೆ. ಆದರೆ ಎರಡು ತಂತಿಗೆ ಎರಡು ಪದರ ಎನಾಮಲ್, ಮೋಟಾರಿನ ಸ್ಲಾಟಿನಲ್ಲಿ ಜಾಗ ಇದೆಯೇ ಎಂದು ಮೊದಲು ನೋಡಿ. ಜಾಗ ಸಾಲದೆಂದು ಸುತ್ತು ಕಡಿಮೆ ಮಾಡುವವರು ರೈತನಿಗೆ ಮೋಸ ಮಾಡುತ್ತಾರೆ.

4. ಹಳೆ ವೈರಿಗೆ ಹೊಸ ಹೆಸರು ಸರಿಯಾಗಿ ಕೂರುವುದಿಲ್ಲ. ಭದ್ರಾವತಿಯ ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವೈರಿಂಗ್ ಬಿಚ್ಚಿದಾಗ 3/22, 7/20 ಸಿಗುತ್ತಿತ್ತು. 7/20 ಎಂದರೆ 20ರ ಗೇಜಿನ ಏಳು ಎಳೆ. ಏಳೇ ಯಾಕೆ? ಮೇಜಿನ ಮೇಲೆ ಒಂದು ರೂಪಾಯಿ ಇಟ್ಟು ಸುತ್ತ ರೂಪಾಯಿಗಳನ್ನೇ ಜೋಡಿಸಿ ನೋಡಿ, ಸರಿಯಾಗಿ ಆರು ಕೂರುತ್ತವೆ. ಅದರಾಚೆಯ ಸುತ್ತಿಗೆ ಹನ್ನೆರಡು, ಒಟ್ಟು 19. ವಿದ್ಯುತ್ ಕಂಪನಿ ಮೆಸ್ಕಾಂನ ಕಂಬಗಳ ಮೇಲಿನ ರ‍್ಯಾಬಿಟ್, ವೀಸಲ್ ಕಂಡಕ್ಟರುಗಳೂ ಹೀಗೇ: ನಡುವೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಂ.

ಈ 7/20 ಲೆಕ್ಕ ಹಾಕಿದರೆ 4.6 ಚದರ ಮಿ.ಮೀ. ಅಂಗಡಿಯಲ್ಲಿ ಸಿಗುವುದು 1, 1.5, 2.5, 4, 6, 10. ಒಂದೊಂದು ಹೆಜ್ಜೆಗೂ ಸುಮಾರು ಒಂದೂವರೆ ಪಟ್ಟು ಏರುವ ಸರಣಿ ಅದು. ಬಲೂನಿನ ಹಗ್ಗಗಳ ಅಳತೆಗಳನ್ನು ಕಡಿಮೆ ಮಾಡಲು ಹೊರಟ ಫ್ರೆಂಚ್ ಸೇನೆಯ ಎಂಜಿನಿಯರ್ ಷಾರ್ಲ್ ರೆನಾರ್ ಹಾಕಿಕೊಟ್ಟ ದಾರಿ. 4.6 ಅದರಲ್ಲಿಲ್ಲ. ಹಳೆಯದರಷ್ಟೇ ಲೋಡ್ ಹೊರಬೇಕಾದ ಕಡೆ ನಾನು 6 ಹಾಕುತ್ತೇನೆ, 4 ಅಲ್ಲ.

5. ಎಳೆ ಎಣಿಸಿದರೆ ಸಾಲದು. ಒಮ್ಮೆ ಮನೆಯೊಂದರ ವೈರಿಂಗಿಗೆ ಅಂಗಡಿಯೊಂದರಿಂದ ತಂದ ಎರಡೂವರೆ ಚದರ ಮಿ.ಮೀ.ನ ಕಾಯಿಲ್ ಕೈಯಲ್ಲಿ ಹಗುರ ಅನ್ನಿಸಿತು. ಎಣಿಸಿದೆ: 36 ಎಳೆ, ಸರಿ. ಮೈಕ್ರೋಮೀಟರ್ ಇಟ್ಟೆ: 0.30 ಮಿ.ಮೀ. ಇರಬೇಕಾದದ್ದು 0.26. ನೋಡಲು ಚಿಟಿಕೆ ವ್ಯತ್ಯಾಸ, ತಾಮ್ರದಲ್ಲಿ ಕಾಲು ಭಾಗ ಖೋತಾ. ಎರಡೂವರೆಯ 90 ಮೀಟರ್ ಕಾಯಿಲ್‌ನಲ್ಲಿ ತಾಮ್ರವೇ ಸುಮಾರು 2 ಕಿಲೋ ಇರಬೇಕು. ಆ ಮನೆಗೆ ಹಾಕಿ ಮುಗಿಸಿದ್ದ ಎರಡು ಕೋಣೆಯ ವೈರನ್ನು ನನ್ನ ಖರ್ಚಿನಲ್ಲಿ ಎಳೆದು ಬದಲಿಸಿದೆ. ಅಂದಿನಿಂದ ತಕ್ಕಡಿ ಇಲ್ಲದೆ ವೈರ್ ತರುವುದಿಲ್ಲ.

6. ದೂರವೂ ಅಳತೆಯೇ. ತೋಟದ ಮನೆ 100 ಮೀಟರ್ ಆಚೆಗಿದ್ದು ಒಂದೂವರೆಯ ವೈರ್ ಎಳೆದರೆ, 10 ಆಂಪಿಯರ್ ಹರಿದಾಗ ಹೋಗಿಬರುವ ದಾರಿಯಲ್ಲೇ 24 ವೋಲ್ಟ್ ಕರಗುತ್ತದೆ. 4 ಹಾಕಿದರೆ 9 ವೋಲ್ಟ್.

7. ಬಿಚ್ಚಿದ ತಂತಿಯನ್ನೆಲ್ಲ ಗುಜರಿಗೆ ಕೊಡಬೇಡಿ. ಮೂರು ಕೈ ದಾಟಿ ಬಂದ ಮೋಟಾರಿನಲ್ಲಿ ಕಂಪನಿಯ ಮೂಲ ಗೇಜ್ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಪ್ರತಿ ಮೋಟಾರಿನ ಹಳೆ ತಂತಿಯ ಒಂದು ಗೇಣು ತುಂಡಿಗೆ ಗೇಜ್, ಸುತ್ತು, ತಾರೀಖು ಬರೆದ ಚೀಟಿ ಕಟ್ಟಿ ಮಾಲೀಕರ ಕೈಗೇ ಕೊಡಿ, ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇಟ್ಟುಕೊಳ್ಳಲು ಹೇಳಿ.