ಉಗ್ರಾಣವೂ ಹೊತ್ತೊಯ್ದ ಬೇಳೆಯೂ

2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ, ಕೋವಿಡ್ ರೋಗವನ್ನು ತಡೆಯಲೆಂದು ಅಂದಿನ ನಡುವಿರುಳಿನಿಂದಲೇ 21 ದಿನಗಳ ಕಾಲ ದೇಶವೆಲ್ಲ ಮನೆಯೊಳಗೇ ಇರತಕ್ಕದ್ದೆಂದು ಪ್ರಧಾನಮಂತ್ರಿಗಳು ಸಾರಿದರಷ್ಟೆ. ಮರುದಿನವೇ ಯುಗಾದಿಯಾದ ಕಾರಣ, ಬೆಂಗಳೂರಿನ ಬಸವನಗುಡಿಯಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯ ಮುಂದೆ ಹಬ್ಬಕ್ಕೆಂದು ಬಂದವರೂ ಭಯದಿಂದ ಬಂದವರೂ ಒಂದೇ ಗುಂಪಾಗಿ ಬೆರೆತುಹೋದರು. ಒಬ್ಬಟ್ಟಿಗೆಂದು ಅರ್ಧ ಕಿಲೋ ಬೇಳೆಗೆ ಬಂದ ಗೃಹಸ್ಥರು ಪಕ್ಕದವರ ಚೀಲದ ಗಾತ್ರವನ್ನು ಕಂಡು ಐದು ಕಿಲೋ ಕೇಳಿದರು. ಅವರ ಹಿಂದಿನವರು ಹತ್ತು. ಬೇಳೆಯ ಅಭಾವವನ್ನು ಅಂದು ಸೃಷ್ಟಿಸಿದುದು ಪರರ ಚೀಲದ ದರ್ಶನವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ನಮ್ಮ ತಾಯಿಯವರು ಮಾತ್ರ ಅಂಗಡಿಯತ್ತ ಸುಳಿಯಲಿಲ್ಲ. ಒಕ್ಕಣೆ ಮುಗಿದು ಕಲಬುರಗಿಯ ಹೊಸ ತೊಗರಿ ಪೇಟೆಗಿಳಿದಾಗ ವರ್ಷದ ಬೇಳೆಯನ್ನೂ, ಶಿವರಾತ್ರಿಯ ಸುಮಾರಿಗೆ ಹೊಸ ಹುಣಸೆಹಣ್ಣನ್ನೂ ಕೊಂಡು, ಬಿಸಿಲು ಕಾಣಿಸಿ, ಡಬ್ಬಿಗಳಿಗೆ ತುಂಬಿಡುವುದು ಅವರ ಪೂರ್ವಾರ್ಜಿತ ಪದ್ಧತಿ. ಸಮೃದ್ಧಿಯ ಕಾಲದಲ್ಲಿ ಕೂಡಿಟ್ಟವನು ಯಾರ ಪಾಲನ್ನೂ ಕಸಿಯುವುದಿಲ್ಲ, ರೈತನಿಗೂ ಆಗ ಕೊಳ್ಳುವವರು ಬೇಕು. ಅದೇ ಬೇಳೆಯನ್ನು ಆ ಮಾರ್ಚ್ ರಾತ್ರಿ ಹೊತ್ತೊಯ್ದವನು ತನ್ನ ಬೆನ್ನ ಹಿಂದೆ ನಿಂತವನ ಪಾಲನ್ನೇ ಹೊತ್ತೊಯ್ದನು.

ಕೃಷ್ಣರಾಜೇಂದ್ರ ಮಾರುಕಟ್ಟೆ ಮುಚ್ಚಿ, ತರಕಾರಿಗೆ ಹಾಪ್‌ಕಾಮ್ಸ್ ಗಾಡಿಯ ದಾರಿ ಕಾಯಬೇಕಾದ ಆ ವಾರಗಳಲ್ಲಿ ನಮ್ಮ ಊಟವೂ ಉಗ್ರಾಣವನ್ನೇ ಅನುಸರಿಸಿತು: ಹುರುಳಿಕಟ್ಟಿನ ಸಾರು, ಮೊಳಕೆ ಹೆಸರಿನ ಉಸಲಿ, ಹಿತ್ತಿಲ ದೊಡ್ಡಪತ್ರೆಯ ತಂಬುಳಿ, ತರಕಾರಿಯ ಹಂಗಿಲ್ಲದ ಹುಣಸೆಯ ಗೊಜ್ಜು. ದೊರೆತ ಸೊಪ್ಪನ್ನು ಉಪ್ಪು ಅರಿಸಿನದ ನೀರಿನಲ್ಲಿ ನೆನೆಹಾಕಿ, ಹಾಲಿನ ಪೊಟ್ಟಣವನ್ನು ಸೋಪಿನಿಂದ ತೊಳೆದು ಒಳಗೆ ತರುತ್ತಿದ್ದೆವು. ಆಹಾರದಿಂದಾಗಲಿ ಅದರ ಪೊಟ್ಟಣದಿಂದಾಗಲಿ ಈ ರೋಗ ತಗಲಿದುದಕ್ಕೆ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮೇಲೂ ಆ ಆಚಾರ ಬೀದಿಯಲ್ಲಿ ನಿಲ್ಲದಿದ್ದುದನ್ನು ನೆನೆದರೆ, ಅಳಿದುಹೋಯಿತೆಂದುಕೊಂಡಿದ್ದ ಮಡಿಯೇ ಬೇರೊಂದು ವೇಷದಲ್ಲಿ ಬಂದಿತ್ತೇನೋ ಎನಿಸುತ್ತದೆ.

ಆದರೆ ಉಗ್ರಾಣದ ಮಹಿಮೆಯನ್ನು ಕೊಂಡಾಡುವವರಿಗೆ ಮೊದಲು ಒಂದು ಕೋಣೆ ಇರಬೇಕು, ಸುಗ್ಗಿಯಲ್ಲಿ ಕೈಯಲ್ಲಿ ಹಣವಿರಬೇಕು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆಯ ಗಂಡ ಗಾರೆ ಕೆಲಸದವನು. ಕೂಲಿ ಬಂದ ದಿನ ಎಣ್ಣೆ ಬೇಳೆಗಳನ್ನು ಸಣ್ಣ ಪೊಟ್ಟಣಗಳಲ್ಲಿ ಕೊಳ್ಳುತ್ತಿದ್ದ ಆ ಸಂಸಾರಕ್ಕೆ ಕೂಡಿಡುವ ಮಾತೇ ಇರಲಿಲ್ಲ. ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಉಚಿತವೆಂದಾಯಿತು, ಅಕ್ಕಿಯೇನೋ ಬಂತು. “ಬರೀ ಅನ್ನ ಹೆಂಗ್ ತಿನ್ನೋದಮ್ಮಾ?” ಎಂದು ಆಕೆ ಫೋನಿನಲ್ಲಿ ಕೇಳಿದಾಗ, ತಾಯಿಯವರು ಬೇಳೆ, ಹುಣಸೆ, ಮೆಣಸಿನಕಾಯಿ, ಉಪ್ಪುಗಳನ್ನು ಅಳೆದು ಕಟ್ಟಿದರು. ಕೆಲಸಕ್ಕೆ ಬಾರದ ತಿಂಗಳುಗಳ ಸಂಬಳವನ್ನು ಕಡಿತಗೊಳಿಸದೆ ಕೊಡುವುದು ಇದಕ್ಕಿಂತ ಮುಖ್ಯವೆಂದು ನಾನೆಂದೆ. ಎರಡೂ ಆಗಬೇಕೆಂದರು ಅವರು, ಎರಡನ್ನೂ ಮಾಡಿಸಿದರು.