ಕ್ರಿಕೆಟ್ ಪಿಚ್ಚಿನಿಂದ ಗುಂಟೆಗೆ: ಆಟದ ಮೈದಾನದಲ್ಲಿ ಕ್ಷೇತ್ರಗಣಿತ

ಎಂಟನೇ ತರಗತಿಯ ಕ್ಷೇತ್ರಗಣಿತದಲ್ಲಿ ಸಾಮಾನ್ಯ ಚತುರ್ಭುಜದ ವಿಸ್ತೀರ್ಣದ ಸೂತ್ರ ಬರುತ್ತದೆ. ಕರ್ಣವನ್ನು, ಅದಕ್ಕೆ ಎದುರು ಶೃಂಗಗಳಿಂದ ಎಳೆದ ಎರಡು ಲಂಬಗಳ ಮೊತ್ತದಿಂದ ಗುಣಿಸಿ ಅರ್ಧ ಮಾಡಬೇಕು. ಸೂತ್ರ ಸುಲಭ. ಆದರೆ ಉತ್ತರವನ್ನು ಚದರ ಮೀಟರಿನಲ್ಲಿ ಬರೆದು ಅಡಿಗೆರೆ ಹಾಕಿದ ಮೇಲೂ ಅದು ಎಷ್ಟು ಜಾಗ ಎಂಬುದು ಮಕ್ಕಳ ಕಣ್ಣಿಗೆ ಬರುವುದಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ಅಭ್ಯಾಸ ಬೋಧನೆಗೆ ಹೋದ ನಮ್ಮ ತಂಡದವರೆಲ್ಲ ಹೇಳಿದ್ದು ಇದನ್ನೇ.

ನನಗೆ ದೊರೆತ ಶಾಲೆ ರಾಣೆಬೆನ್ನೂರಿನ ಹೊರವಲಯದ್ದು. ಹಿಂಭಾಗದಲ್ಲಿ ಚಿಕ್ಕ ಮೈದಾನವಿದೆ. ನಾಲ್ಕು ಮೂಲೆಯೂ ಒಂದೊಂದು ತರಹ. ನಡುವೆ ಕ್ರಿಕೆಟ್ ಪಿಚ್, ಎರಡು ತುದಿಗೆ ಫುಟ್‌ಬಾಲಿನ ಗೋಲುಗಂಬ. ಎರಡು ಆಟದ ಹುಡುಗರಿಗೂ ದಿನಾ ತಕರಾರು. ಹುಡುಗಿಯರು ಬೇವಿನ ಮರದ ಕೆಳಗೆ ಕುಳಿತು ನೋಡುವವರು. ಎರಡು ಅವಧಿಗಳನ್ನು ಒಟ್ಟಿಗೆ ಕೇಳಿ ಪಡೆದು ಪಾಠವನ್ನು ಅಲ್ಲಿಗೇ ಒಯ್ದೆ.

ಪೂರ್ವಜ್ಞಾನ ತಿಳಿಯಲು "ಈ ಮೈದಾನ ಎಷ್ಟಿರಬಹುದು?" ಎಂದು ಕೇಳಿದೆ. ಮೀಟರಿನಲ್ಲಿ ಯಾರೂ ಹೇಳಲಿಲ್ಲ. ಮನೆಯಲ್ಲಿ ಗೋವಿನಜೋಳ ಬೆಳೆಯುವ ಹುಡುಗನೊಬ್ಬ, "ಟೀಚರ್, ಒಂದ್ ಎಕರೆಕ್ಕ ನಾಕೈದ್ ಗುಂಟೆ ಕಡಿಮಿ ಐತ್ರಿ" ಎಂದ. ಅದನ್ನು ಎಲ್ಲರಿಂದಲೂ ನೋಟ್‌ಬುಕ್ಕಿನಲ್ಲಿ ಬರೆಯಿಸಿದೆ.

ಇಲ್ಲಿ ಪಿಚ್ ನೆರವಿಗೆ ಬಂತು. ವಿಕೆಟ್‌ನಿಂದ ವಿಕೆಟ್‌ಗೆ 22 ಗಜ, ಅಂದರೆ 66 ಅಡಿ ಅಥವಾ 20.12 ಮೀಟರ್. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ರೂಪಿಸಿದ ಭೂಮಾಪನ ಸರಪಳಿಯ ಉದ್ದವೂ ಇಷ್ಟೇ. ಇದರ ಅರ್ಧ 33 ಅಡಿ. 33 ಅಡಿ ಬಾಹುವಿನ ಚೌಕ 1,089 ಚದರ ಅಡಿ. ಅದೇ ಒಂದು ಗುಂಟೆ. ಅಂಥದೊಂದು ಚೌಕವನ್ನು ಸುಣ್ಣದಿಂದ ಗುರುತಿಸಿ ಮಕ್ಕಳನ್ನು ಅದರೊಳಗೆ ನಿಲ್ಲಿಸಿದೆ. 40 ಗುಂಟೆಗೆ ಎಕರೆ ಎಂಬುದನ್ನು ನಾನು ಹೇಳಬೇಕಾಗಲೇ ಇಲ್ಲ. (ಬ್ಯಾಡಗಿಯ ಸಹಪಾಠಿಗಳು ಮೆಣಸಿನಕಾಯಿ ಒಣಗಿಸುವ ಕಣವನ್ನು ಹೀಗೆಯೇ ಬಳಸಬಹುದು.)

ಕರ್ಣವನ್ನು 30 ಮೀಟರ್ ಟೇಪಿನಿಂದ ನಾಲ್ಕು ಸಲ ಹಿಡಿದು ಅಳೆದರು. ಲಂಬಕ್ಕೆ 3, 4, 5ರ ಗಂಟು ಹಾಕಿದ ಹಗ್ಗ. ಹಗ್ಗದ ತ್ರಿಕೋನದ ಒಂದು ಬಾಹುವನ್ನು ಕರ್ಣದ ಮೇಲಿಟ್ಟು, ಇನ್ನೊಂದು ಬಾಹು ಮೂಲೆಯಲ್ಲಿ ನಿಂತ ಹುಡುಗಿಯ ನೇರಕ್ಕೆ ಬರುವವರೆಗೆ ಸರಿಸುತ್ತ ಹೋದರು. ಇದಕ್ಕೇ 25 ನಿಮಿಷ ಹಿಡಿಯಿತು. ಅವಸರ ಮಾಡಲಿಲ್ಲ, ಕಪ್ಪುಹಲಗೆಯ ಮೇಲೆ ಲಂಬ ಎಂದರೆ ಮೇಲಿನಿಂದ ಕೆಳಗೆ ಬರುವ ಗೆರೆ ಎಂದುಕೊಂಡಿದ್ದವರು ನೆಲದ ಮೇಲೆ ಅದನ್ನು ಹುಡುಕುತ್ತಿದ್ದರು.

ಕರ್ಣ 96 ಮೀಟರ್, ಲಂಬಗಳು 34 ಮತ್ತು 41. ವಿಸ್ತೀರ್ಣ 3,600 ಚದರ ಮೀಟರ್, ಅಂದರೆ ಸುಮಾರು 35½ ಗುಂಟೆ. ಗೋವಿನಜೋಳದ ಹುಡುಗನಿಗೆ ಚಪ್ಪಾಳೆ ಬಿತ್ತು. ದೊಡ್ಡವರ ಫುಟ್‌ಬಾಲ್ ನಿಯಮದಂತೆ ಅಂಕಣ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಇರಬೇಕು: 4,050 ಚದರ ಮೀಟರ್, ಹೆಚ್ಚುಕಡಿಮೆ ಸರಿಯಾಗಿ ಒಂದು ಎಕರೆ. ಪುರುಷರ ಅಂತರರಾಷ್ಟ್ರೀಯ ಕ್ರಿಕೆಟ್‌ನ ಬೌಂಡರಿಯಂತೂ ಪಿಚ್ಚಿನ ನಡುವಿನಿಂದ 65 ಗಜಕ್ಕೆ ಕಡಿಮೆ ಇರುವಂತಿಲ್ಲ. ಪೂರ್ಣ ಅಳತೆಯಲ್ಲಿ ಎರಡರಲ್ಲಿ ಒಂದು ಆಟವೂ ಇಲ್ಲಿ ಹಿಡಿಸುವುದಿಲ್ಲ.

ಆಗ ಒಬ್ಬ ಹುಡುಗಿ, "ಹಂಗಾರ ಖೊಖೊಗ ಎಷ್ಟ್ ಗುಂಟೆ ಬೇಕ್ರಿ ಟೀಚರ್?" ಎಂದಳು. ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ ಎಂದಷ್ಟೇ ಹೇಳಿದೆ. ಅವಳೇ ಗುಣಿಸಿದಳು: 432 ಚದರ ಮೀಟರ್, ನಾಲ್ಕೂಕಾಲು ಗುಂಟೆ. "ಮೂವತ್ತೈದರಾಗ ನಾಕು ನಮಗಿಲ್ಲೇನ್ರಿ?"

ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಮೂಲೆ ಕೊಟ್ಟರೆ ಗೋಲಿನ ಮುಂದಿನ ಜಾಗ ಹೋಗುತ್ತದೆ ಎಂದು ಫುಟ್‌ಬಾಲಿನವರು ವಾದಿಸಿದರು. ಅದನ್ನೇ ಮೌಲ್ಯಮಾಪನದ ಚಟುವಟಿಕೆಯಾಗಿಸಿದೆ: 1 ಸೆಂಟಿಮೀಟರಿಗೆ 5 ಮೀಟರಿನಂತೆ ಮೈದಾನದ ನಕ್ಷೆ ಬರೆದು, 5.4 ಮತ್ತು 3.2 ಸೆಂಟಿಮೀಟರ್ ಅಳತೆಯ ಕಾಗದದ ತುಂಡನ್ನು ಅದರ ಮೇಲೆ ಸರಿಸಿ ಜಾಗ ಹುಡುಕುವುದು. ದೊಡ್ಡ ಲಂಬದ ಕಡೆಯ ಮೂಲೆಯಲ್ಲಿ, ಪಿಚ್ಚಿಗೂ ಗೋಲಿಗೂ ತಾಗದಂತೆ ಅದು ಕೂತಿತು. ಮೂರು ಅವಧಿ ಸಿಗುವವರಿದ್ದರೆ ನಕ್ಷೆಗೇ ಒಂದನ್ನು ಪೂರ್ತಿ ಕೊಡಿ.

ನಕ್ಷೆ ಈಗ ದೈಹಿಕ ಶಿಕ್ಷಣ ಶಿಕ್ಷಕರ ಬಳಿ ಇದೆ. ಮಂಗಳವಾರ ಮತ್ತು ಶುಕ್ರವಾರದ ಸಂಜೆ ಆ ಮೂಲೆ ಖೊಖೊಗೆ ಎಂದು ಒಪ್ಪಿದ್ದಾರೆ. ಉಳಿದ ದಿನಗಳ ಮಾತು ಇನ್ನೂ ನಡೆದಿದೆ.