ಸರಣಿಯ ಸಿದ್ಧ ಸಾಧನಗಳು

ಅಂತರಜಾಲದ ಪುಟಗಳಿಗೆ ಚೈತನ್ಯ ತುಂಬುವ ಜಾವಾಸ್ಕ್ರಿಪ್ಟ್ ಭಾಷೆಯನ್ನು 1995ರಲ್ಲಿ ಬ್ರೆಂಡನ್ ಐಕ್ ಎಂಬವರು ರೂಪಿಸಿದರು. ಹಲವು ಸಂಖ್ಯೆಗಳನ್ನೋ ಪದಗಳನ್ನೋ ಒಂದೇ ಹೆಸರಿನಡಿಯಲ್ಲಿ ಕ್ರಮವಾಗಿ ಇರಿಸುವ ವ್ಯವಸ್ಥೆಗೆ ಅದರಲ್ಲಿ 'ಅರೇ', ಅಂದರೆ ಸರಣಿ, ಎಂದು ಹೆಸರು. ಸರಣಿಯನ್ನು ಸಂಸ್ಕರಿಸುವ ಸಿದ್ಧ ಸಾಧನಗಳೂ ಭಾಷೆಯಲ್ಲಿಯೇ ಅಡಕವಾಗಿವೆ.

ಮೂವರು ವಿದ್ಯಾರ್ಥಿಗಳ ಅಂಕಗಳು 35, 9, 100 ಎಂದಿರಲಿ. ಮೂವತ್ತೈದಕ್ಕೆ ಕಡಿಮೆಯಿಲ್ಲದವನ್ನು ಆರಿಸುವಂತೆ 'ಫಿಲ್ಟರ್' ಎಂಬ ಸಾಧನಕ್ಕೆ ನಿಯಮವಿತ್ತರೆ, ಅದು 35, 100 ಎಂಬ ಹೊಸ ಸರಣಿಯನ್ನು ಕೊಡುತ್ತದೆ. ಮೂಲ ಸರಣಿ ಹಾಗೆಯೇ ಉಳಿಯುತ್ತದೆ.

ಕ್ರಮಗೊಳಿಸುವ 'ಸಾರ್ಟ್' ಸಾಧನದ ಸ್ವಭಾವ ಬೇರೆ. ಏರಿಕೆಯ ಕ್ರಮವನ್ನು ಬಯಸಿ ಅದನ್ನು ಬಳಸಿದರೆ ದೊರೆಯುವುದು 100, 35, 9! ನಿಯಮವನ್ನು ಹೇಳದಿದ್ದಾಗ ಅದು ಸಂಖ್ಯೆಗಳನ್ನು ಪದಗಳಂತೆ ಭಾವಿಸಿ, ನಿಘಂಟಿನ ರೀತಿಯಲ್ಲಿ ಮೊದಲ ಚಿಹ್ನೆಯಿಂದ ಹೋಲಿಸುತ್ತದೆ. ಮೂರು, ಒಂಬತ್ತುಗಳಿಗಿಂತ ಒಂದು ಮುಂಚೆ ಬರುವುದರಿಂದ ನೂರು ಮೊದಲಾಯಿತು. ಮೂಲ ಸರಣಿಯ ಕ್ರಮವೂ ಅಳಿಯಿತು. ಮೊದಲನೆಯ ಸಂಖ್ಯೆಯಿಂದ ಎರಡನೆಯದನ್ನು ಕಳೆದು ನೋಡುವ ನಿಯಮವನ್ನಿತ್ತರೆ 9, 35, 100 ಎಂಬ ಸರಿಯಾದ ಕ್ರಮ ಬರುತ್ತದೆ. ಮೂಲವನ್ನು ಕೆಡಿಸದ 'ಟುಸಾರ್ಟೆಡ್' ಎಂಬ ಸಾಧನ 2023ರಲ್ಲಿ ಭಾಷೆಗೆ ಸೇರಿತು.

ನೂರು ಅಂಕ ಪಡೆದವನನ್ನು ಕನಿಷ್ಠನ ಸ್ಥಾನದಲ್ಲಿ ನಿಲ್ಲಿಸಿದರೂ ಗಣಕವು ತಪ್ಪಾಯಿತೆಂದು ಎಚ್ಚರಿಸುವುದಿಲ್ಲ. ಸಾಧನವು ಸಿದ್ಧವಾಗಿದ್ದರೂ ಅದರ ಸ್ವಭಾವವನ್ನು ಅರಿಯುವ ಹೊಣೆ ಬಳಸುವವನದೇ.